ದೈಹಿಕ ದಣಿವಿನ ಮಾಪನ: ಕೋಲಾರದ ಗಣಿಯಿಂದ ಸನ್ನೆಯ ಕಂಪ್ಯೂಟರ್‌ವರೆಗೆ

ದುಡಿಯುವ ದೇಹದ ಶಕ್ತಿ ಎಷ್ಟು ಹೊತ್ತಿಗೆ ಕುಗ್ಗುತ್ತದೆ, ಎಷ್ಟರ ಮಟ್ಟಿಗೆ ಕುಗ್ಗುತ್ತದೆ, ವಿಶ್ರಾಂತಿ ಸಿಕ್ಕರೆ ಎಷ್ಟು ಬೇಗ ಮರಳುತ್ತದೆ ಎಂಬುದನ್ನು ಅಂಕಿಗಳಲ್ಲಿ ಹಿಡಿಯುವ ಶಾಸ್ತ್ರವೇ ದೈಹಿಕ ದಣಿವಿನ ಮಾಪನ. ಶರೀರಕ್ರಿಯಾ ವಿಜ್ಞಾನ, ಔದ್ಯೋಗಿಕ ವೈದ್ಯಶಾಸ್ತ್ರ ಮತ್ತು ಎರ್ಗಾನಾಮಿಕ್ಸ್ ಕೂಡುವ ಜಾಗದಲ್ಲಿ ಇದು ಬೆಳೆದಿದೆ. ಕಾರ್ಖಾನೆ, ಸೈನ್ಯ ಮತ್ತು ಗಣಿಗಳಲ್ಲಿ ಹುಟ್ಟಿದ ಈ ವಿದ್ಯೆಗೆ ಈಚಿನ ದಶಕಗಳಲ್ಲಿ ಹೊಸ ಕ್ಷೇತ್ರವೊಂದು ಸೇರಿಕೊಂಡಿದೆ: ಮೌಸ್ ಮತ್ತು ಕೀಲಿಮಣೆ ಮುಟ್ಟದೆ, ಕೈಯನ್ನು ಗಾಳಿಯಲ್ಲಿ ಆಡಿಸಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಸನ್ನೆ ಆಧಾರಿತ ಬಳಕೆ.

ನೆಲದಾಳದಲ್ಲಿ ಒಡೆದ ಕಲ್ಲನ್ನು ಸಲಿಕೆಯಿಂದ ತುಂಬುವವನಿಗೂ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಕನ್ನಡಕ ಕಟ್ಟಿಕೊಂಡು ಕೈ ಬೀಸುವವನಿಗೂ ಮೇಲ್ನೋಟಕ್ಕೆ ನಂಟಿಲ್ಲ. ಆದರೆ ಇಬ್ಬರ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ. ಈ ಕೆಲಸವನ್ನು ಈ ದೇಹ ಇಲ್ಲಿನ ಹವೆಯಲ್ಲಿ ಎಷ್ಟು ಹೊತ್ತು ತಾಳಬಲ್ಲದು? ಕರ್ನಾಟಕದಲ್ಲಿ ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದ ಹೆಸರಾಂತ ಪ್ರಕರಣ 1940ರ ದಶಕದ ಕೋಲಾರ ಚಿನ್ನದ ಗಣಿಗಳದು (ಕೆ.ಜಿ.ಎಫ್.). ಅಲ್ಲಿ ಅಳೆದದ್ದು ಮುಖ್ಯವಾಗಿ ಸೆಕೆಯನ್ನು. ಇಂದಿನ ಸನ್ನೆ ದಣಿವಿನ ಸೂತ್ರಗಳು ಬಿಟ್ಟುಬಿಟ್ಟಿರುವುದೂ ಸೆಕೆಯನ್ನೇ. ಆದ್ದರಿಂದ ಈ ವಿಷಯವನ್ನು ಕೆ.ಜಿ.ಎಫ್.ನಿಂದ ಆರಂಭಿಸುವುದು ನ್ಯಾಯ.

ಕೋಲಾರದ ಗಣಿಗಳಲ್ಲಿ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಮಾರ್ಗದ ಆಸುಪಾಸಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಗಣಿಗಳು ಸಾಲಾಗಿದ್ದವು: ಬಾಲಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಕೊನೆಗೆ ಮೈಸೂರು ಗಣಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇವುಗಳ ಆಡಳಿತ ನೋಡಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ವಿದ್ಯುತ್ತಿನ ಬಲದಿಂದ ಶಾಫ್ಟುಗಳು ಇನ್ನೂ ಕೆಳಗಿಳಿದವು. ಚಾಂಪಿಯನ್ ರೀಫ್ ಗಣಿ ನೆಲಮಟ್ಟದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿ, ಜಗತ್ತಿನ ಅತ್ಯಂತ ಆಳದ ಗಣಿಗಳ ಪೈಕಿ ಒಂದೆನಿಸಿತು.

ಆಳಕ್ಕಿಳಿದಂತೆ ಸೆಕೆ ಏರುವುದಕ್ಕೆ ಹಲವು ಕಾರಣಗಳಿವೆ. ಬಂಡೆಯೇ ಬಿಸಿಯಾಗಿರುತ್ತದೆ, ಚಾಂಪಿಯನ್ ರೀಫ್‌ನ ತಳಮಟ್ಟಗಳಲ್ಲಿ ಕಲ್ಲಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೇಲಿನಿಂದ ಇಳಿಬಿಟ್ಟ ಗಾಳಿ ಕೆಳಗೆ ಹೋಗುತ್ತ ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಬಿಸಿಯೇರುತ್ತದೆ. ಗಾಳಿ ಒಣಗಿದ್ದರೆ ಈ ಏರಿಕೆ ಕಿಲೋಮೀಟರಿಗೆ ಹತ್ತು ಡಿಗ್ರಿಯ ಸಮೀಪ. ಮೂರನೆಯ ಕಾರಣದಲ್ಲಿ ಒಂದು ಸಂಕಟವಿದೆ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ತಿನ್ನುತ್ತದೆ, ಸಿಲಿಕೋಸಿಸ್ ತರುತ್ತದೆ. ಅದನ್ನು ತಡೆಯಲು ನೀರು ಹಾಯಿಸಿ ಕೊರೆಯಬೇಕು. ಹಾಯಿಸಿದ ನೀರು ಆವಿಯಾಗಿ ಗಾಳಿಯ ತೇವ ಹೆಚ್ಚುತ್ತದೆ. ತೇವ ಹೆಚ್ಚಾದರೆ ಮೈ ಬೆವರು ಆರುವುದಿಲ್ಲ. ಧೂಳಿನಿಂದ ಕಾಪಾಡುವ ಕ್ರಮವೇ ಕಾರ್ಮಿಕನನ್ನು ಸೆಕೆಗೆ ಒಡ್ಡುತ್ತದೆ.

ದುಡಿಯುವಾಗ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಶಾಖವಾಗಿ ಹೊರಬೀಳುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾಗಿರುವಲ್ಲಿ ಈ ಶಾಖವನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಬೆವರು ಆರುವುದೊಂದೇ. ಹೀಗಾಗಿ ಗಣಿಯಲ್ಲಿ ಸಾಮಾನ್ಯ ಥರ್ಮಾಮೀಟರಿನ ಅಂಕಿ ಹೆಚ್ಚೇನೂ ಹೇಳದು, ನೋಡಬೇಕಾದದ್ದು ಆರ್ದ್ರ ಬಲ್ಬ್ ಉಷ್ಣತೆಯನ್ನು. ಅದನ್ನು ಅಳೆಯುವ ಸಾಧನದಲ್ಲಿ, ಗಿರಗಿಟ್ಟಲೆಯಂತೆ ಹಿಡಿಕೆ ಇರುವ ಚೌಕಟ್ಟಿನಲ್ಲಿ ಎರಡು ಥರ್ಮಾಮೀಟರುಗಳಿರುತ್ತವೆ. ಒಂದರ ಬುಡಕ್ಕೆ ತೆಳು ಮಲ್ ಬಟ್ಟೆ ಸುತ್ತಿ ನೀರಿನಲ್ಲಿ ನೆನೆಸಿರುತ್ತಾರೆ. ಅಳೆಯುವವನು ಅದನ್ನು ಕೈಯಲ್ಲಿ ಹಿಡಿದು ಬಿರುಸಾಗಿ ತಿರುಗಿಸಿ, ನಿಲ್ಲಿಸಿದ ಕೂಡಲೇ ಒದ್ದೆ ಬಟ್ಟೆಯ ಕಡೆಯ ಅಂಕಿಯನ್ನು ಮೊದಲು ಓದಿಕೊಳ್ಳಬೇಕು. ತಡಮಾಡಿದರೆ, ಅಥವಾ ಓದುವಾಗ ಬುಡದ ಮೇಲೆ ಉಸಿರು ತಾಕಿದರೆ, ಅಂಕಿ ಏರಿಬಿಡುತ್ತದೆ. ಒಣ ಬುಡ ಮತ್ತು ಒದ್ದೆ ಬುಡದ ಅಂಕಿಗಳ ಅಂತರ ದೊಡ್ಡದಿದ್ದರೆ ಬೆವರು ಆರಲು ಅವಕಾಶವಿದೆ ಎಂದರ್ಥ. ಅಂತರ ಇಲ್ಲವಾದ ಕಡೆ ಬೆವರು ಸುರಿದು ಹೋಗುತ್ತದೆಯೇ ಹೊರತು ಮೈ ತಂಪಾಗುವುದಿಲ್ಲ.

ಇದರ ಜೊತೆಗೆ ಬ್ರಿಟನ್ನಿನ ಲಿಯೊನಾರ್ಡ್ ಹಿಲ್ 1916ರಲ್ಲಿ ರೂಪಿಸಿದ ಕಾಟಾ ಥರ್ಮಾಮೀಟರ್ ಗಣಿ ಎಂಜಿನಿಯರುಗಳ ಸಲಕರಣೆಯಾಗಿತ್ತು. ದೊಡ್ಡ ಬುಡದ ಈ ಉಪಕರಣವನ್ನು ಬಿಸಿಮಾಡಿ, ಅದು ಸುಮಾರು 38 ಡಿಗ್ರಿಯಿಂದ 35 ಡಿಗ್ರಿಗೆ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ನೋಡುತ್ತಾರೆ. ಆ ಹೊತ್ತು ಕೆಲಸದ ಜಾಗದ ಗಾಳಿ ಮನುಷ್ಯನ ಮೈಯನ್ನು ಎಷ್ಟು ತಂಪುಮಾಡಬಲ್ಲದು ಎಂಬುದಕ್ಕೆ ಸೂಚಕ.

ಕೆ.ಜಿ.ಎಫ್.ನಲ್ಲಿ ನಡೆದ ಅಧ್ಯಯನಗಳ ಪೈಕಿ ಎರಡು ಪ್ರಕಟಣೆಗಳು ಜಗತ್ತಿನ ಗಣಿ ಸಾಹಿತ್ಯದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತವೆ. 1944ರಲ್ಲಿ ಎ. ಕ್ಯಾಪ್ಲನ್ ಕೋಲಾರದ ನೆಲದಡಿಯ ಕಾರ್ಮಿಕರು ಕೆಲಸದ ನಡುವೆ ಕುಸಿದು ಬೀಳುತ್ತಿದ್ದ ಪ್ರಕರಣಗಳನ್ನು ವಿಶ್ಲೇಷಿಸಿ ದೀರ್ಘ ಪ್ರಬಂಧ ಬರೆದರು. 1946ರಲ್ಲಿ ಕ್ಯಾಪ್ಲನ್ ಮತ್ತು ಜೆ. ಕೆ. ಲಿಂಡ್ಸೆ ಇಬ್ಬರೂ ಸೇರಿ, ಆಳದ ಗಣಿಗಳಲ್ಲಿ ಹೆಚ್ಚಿನ ಉಷ್ಣತೆ ಕಾರ್ಮಿಕರ ಕಾರ್ಯಕ್ಷಮತೆಯ ಮೇಲೆ ಮಾಡುವ ಪರಿಣಾಮವನ್ನು ಪ್ರಯೋಗದಿಂದ ಪರೀಕ್ಷಿಸಿದ ವರದಿಯನ್ನು ಹೊರತಂದರು. ಎರಡೂ ಲಂಡನ್ನಿನ ಗಣಿ ಮತ್ತು ಲೋಹವಿಜ್ಞಾನ ಸಂಸ್ಥೆಯ ಮೂಲಕ ಬೆಳಕು ಕಂಡವು. ಸೆಕೆ ಮತ್ತು ತೇವ ಏರಿದಂತೆ ಕೆಲಸದ ಪ್ರಮಾಣ ಇಳಿಯುತ್ತದೆ ಎಂಬುದು ಗಣಿಯಲ್ಲಿ ಇಳಿದವರೆಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅದನ್ನು ಅಳತೆಯಾಗಿಸಿದ್ದು ಈ ಪ್ರಯೋಗದ ಬೆಲೆ. ಕೆಲಸ ಕಡಿಮೆಯಾದಾಗ ಆಳಿನ ಮೈಗಳ್ಳತನವೆಂದು ಬಗೆಯುವುದು ಸುಲಭವಾಗಿದ್ದ ಕಾಲ ಅದು. ಅಂಥ ಕಾಲದಲ್ಲಿ ಕೆಲಸದ ಇಳಿಕೆಯನ್ನು ಗಾಳಿಯ ಗುಣಕ್ಕೆ ಜೋಡಿಸಿ ತೋರಿಸುವುದು ಸಣ್ಣ ಮಾತಾಗಿರಲಿಲ್ಲ.

ಪರಿಹಾರದ ಪ್ರಯತ್ನ ಇದಕ್ಕೂ ಮೊದಲೇ ಶುರುವಾಗಿತ್ತು. ಒಳಹೋಗುವ ಗಾಳಿಯ ಶಾಖ ಮತ್ತು ತೇವ ಎರಡನ್ನೂ ತೆಗೆಯುವ ಶೀತಲೀಕರಣ ಸ್ಥಾವರವನ್ನು 1930ರ ದಶಕದಲ್ಲಿ ಊರಿಗಾಂ ಗಣಿಯ ನೆಲಮಟ್ಟದಲ್ಲಿ ಸ್ಥಾಪಿಸಿದರು. ಗಣಿಗಾಗಿ ಜಗತ್ತಿನಲ್ಲಿ ಕಟ್ಟಿದ ಆರಂಭದ ದೊಡ್ಡ ಸ್ಥಾವರಗಳ ಸಾಲಿಗೆ ಅದು ಸೇರುತ್ತದೆ. ಅದೇ ದಶಕದಲ್ಲಿ ದಕ್ಷಿಣ ಆಫ್ರಿಕದ ಸಿಟಿ ಡೀಪ್ ಗಣಿಯಲ್ಲಿ ಎ. ಒ. ಡ್ರಿಯೋಸ್ಟಿ ಬೇರೆ ದಾರಿ ಹಿಡಿದರು. ಹೊಸದಾಗಿ ಬಂದ ಕಾರ್ಮಿಕರನ್ನು ಬಿಸಿ ಜಾಗದಲ್ಲಿ ದುಡಿಸಿ, ಮೈಯ ಉಷ್ಣತೆ ನೋಡಿ, ಸೆಕೆ ತಾಳುವವರು ಯಾರು, ತಾಳದವರು ಯಾರು ಎಂದು ವಿಂಗಡಿಸುವ ಪರೀಕ್ಷೆ ಅದು. ಸೆಕೆಗೆ ಮೈಯನ್ನು ಕ್ರಮೇಣ ಒಗ್ಗಿಸಬಹುದೆಂಬ ಉಪಯುಕ್ತ ಅರಿವು ಅದರಿಂದ ಬೆಳೆಯಿತು, ನಿಜ. ಆದರೂ ಗಾಳಿಯನ್ನು ಬದಲಿಸಲು ಅಳೆಯುವುದಕ್ಕೂ ಆಳನ್ನು ಆರಿಸಲು ಅಳೆಯುವುದಕ್ಕೂ ಬಹಳ ಅಂತರವಿದೆ. ದಣಿವಿನ ಮಾಪನದ ಚರಿತ್ರೆಯುದ್ದಕ್ಕೂ ಈ ಎರಡು ಉದ್ದೇಶಗಳು ಒಂದರ ಪಕ್ಕ ಒಂದು ನಡೆದುಬಂದಿವೆ. ಮೊದಲನೆಯದೇ ಇದರ ಸರಿಯಾದ ಬಳಕೆ.

ಈ ಬಗೆಯ ತಿಳಿವಳಿಕೆ ಭಾರತದ ಕಾನೂನಿಗೂ ಇಳಿದಿದೆ. 1961ರ ಲೋಹ ಗಣಿ ನಿಯಮಗಳ ಪ್ರಕಾರ ಕೆಲಸದ ಜಾಗದಲ್ಲಿ ಆರ್ದ್ರ ಬಲ್ಬ್ ಉಷ್ಣತೆ 33.5 ಡಿಗ್ರಿ ಸೆಲ್ಸಿಯಸ್ ಮೀರಕೂಡದು. 30.5 ಡಿಗ್ರಿ ದಾಟಿದ ಕಡೆ ಗಾಳಿ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಬೀಸುವಂತೆ ಏರ್ಪಾಡು ಮಾಡಬೇಕು. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನಿಯಮ ಉಳಿದ ಗಣಿಗಳಿಗೆ ಅನ್ವಯಿಸುತ್ತ ಬಂದಿದೆ.

ಅಳತೆಯ ಹಾದಿ

ದಣಿವನ್ನು ಯಂತ್ರದಿಂದ ದಾಖಲಿಸಿದ ಮೊದಲಿಗರಲ್ಲಿ ಇಟಲಿಯ ಟ್ಯೂರಿನ್ ನಗರದ ಆಂಜೆಲೊ ಮೊಸ್ಸೊ ಪ್ರಮುಖ. ಕೈಯನ್ನು ಬಿಗಿಯಾಗಿ ಕಟ್ಟಿಹಾಕಿ, ನಡುಬೆರಳೊಂದರಿಂದಲೇ ತೂಕವನ್ನು ಮತ್ತೆ ಮತ್ತೆ ಎಳೆಸುವ ಎರ್ಗೋಗ್ರಾಫ್ ಎಂಬ ಸಾಧನ ಅವರದು. ಪ್ರತಿ ಎಳೆತದ ಎತ್ತರ ಕಾಗದದ ಮೇಲೆ ಗೀಟಾಗಿ ಮೂಡುತ್ತದೆ. ಗೀಟುಗಳು ಗಿಡ್ಡವಾಗುತ್ತ ಹೋಗುವ ಬಗೆ ಒಬ್ಬೊಬ್ಬರಿಗೆ ಒಂದೊಂದು. 1891ರಲ್ಲಿ ಅವರ ದಣಿವಿನ ಕುರಿತ ಪುಸ್ತಕ ಬಂತು. ಮೊದಲ ಮಹಾಯುದ್ಧದ ಮದ್ದುಗುಂಡು ಕಾರ್ಖಾನೆಗಳ ಅನುಭವದ ಬೆನ್ನಿಗೆ ಬ್ರಿಟನ್ 1918ರಲ್ಲಿ ಔದ್ಯೋಗಿಕ ದಣಿವಿನ ಸಂಶೋಧನಾ ಮಂಡಳಿ ಸ್ಥಾಪಿಸಿತು. ಅಮೆರಿಕದಲ್ಲಿ ಹಾರ್ವರ್ಡ್ ದಣಿವು ಪ್ರಯೋಗಾಲಯ 1927ರಿಂದ 1947ರವರೆಗೆ ನಡೆಯಿತು.

ಈ ಉತ್ಸಾಹದ ನಡುವೆ ಬರ್ನಾರ್ಡ್ ಮಸಿಯೊ 1921ರಲ್ಲಿ ಎತ್ತಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ದಣಿವಿನ ಪರೀಕ್ಷೆ ಸಾಧ್ಯವೇ? ದಣಿವು ಎಂದರೇನೆಂದು ನಿಖರವಾಗಿ ಹೇಳದೆ ಅದನ್ನು ಅಳೆದೆವೆನ್ನುವುದು ಸಲ್ಲದು, ವಿಜ್ಞಾನ ಆ ಪದವನ್ನೇ ಬಿಡುವುದು ಒಳ್ಳೆಯದು ಎಂಬುದು ಅವರ ವಾದ. ಪದವನ್ನು ಯಾರೂ ಬಿಡಲಿಲ್ಲ. ಆದರೆ ಅಂದಿನಿಂದ ಸಂಶೋಧಕರು ಒಂದೇ ಅಳತೆಯನ್ನು ನೆಚ್ಚದೆ ದೇಹದ ಲಕ್ಷಣ, ಕೆಲಸದ ಪ್ರಮಾಣ, ದುಡಿಯುವವರ ಸ್ವಂತ ಅನಿಸಿಕೆ ಈ ಮೂರನ್ನೂ ಒಟ್ಟಿಗೆ ನೋಡುವುದನ್ನು ರೂಢಿಸಿಕೊಂಡರು.

ಇಡೀ ಮೈ ದುಡಿಯುವ ಕೆಲಸಕ್ಕೆ ನಾಡಿಯಷ್ಟು ಸರಳ ಸಾಕ್ಷಿ ಬೇರಿಲ್ಲ. ಲೂಸಿಯನ್ ಬ್ರೂಹಾ ಬಳಕೆಗೆ ತಂದ ವಿಧಾನಕ್ಕೆ ಗಡಿಯಾರವೊಂದು ಸಾಕು. ಕೆಲಸ ನಿಲ್ಲಿಸಿದ ಕೂಡಲೇ ಆಳನ್ನು ಕೂರಿಸಿ, ಮೊದಲ, ಎರಡನೆಯ ಮತ್ತು ಮೂರನೆಯ ನಿಮಿಷಗಳ ಕೊನೆಯ ಅರ್ಧ ನಿಮಿಷದಲ್ಲಿ ನಾಡಿ ಎಣಿಸಬೇಕು. ಬಡಿತ ಮೂರು ನಿಮಿಷದೊಳಗೆ ಸರಸರನೆ ಇಳಿದರೆ ಕೆಲಸ ತಾಳುವಂಥದ್ದು. ಇಳಿಯದೆ ಮೇಲೆಯೇ ನಿಂತರೆ, ಅಥವಾ ಪಾಳಿ ಸಾಗಿದಂತೆ ಪ್ರತಿ ಎಣಿಕೆಯೂ ಹಿಂದಿನದಕ್ಕಿಂತ ಹೆಚ್ಚಾಗುತ್ತ ಹೋದರೆ, ದೇಹ ಸಾಲ ಮಾಡಿ ದುಡಿಯುತ್ತಿದೆ. ಸೆಕೆಯ ಜಾಗದಲ್ಲಿ ಈ ಇಳಿಕೆ ಇನ್ನೂ ನಿಧಾನ. ಚರ್ಮವನ್ನು ತಂಪಾಗಿಡಲು ರಕ್ತವನ್ನು ಅತ್ತ ಹರಿಸುವ ಕೆಲಸವೂ ಹೃದಯದ ಮೇಲೆಯೇ ಬೀಳುತ್ತದೆ.

ಭಾರತದ ಮಟ್ಟಿಗೆ ಹೆಚ್ಚು ಬಳಕೆಯಲ್ಲಿರುವ ಮಿತಿ 1979ರಲ್ಲಿ ಪಿ. ಎನ್. ಸಾಹಾ ಮತ್ತು ಸಂಗಡಿಗರು ಪ್ರಕಟಿಸಿದ್ದು. ಎಂಟು ಗಂಟೆಯ ದುಡಿಮೆಯಲ್ಲಿ ಭಾರತೀಯ ಕಾರ್ಮಿಕ ತನ್ನ ಗರಿಷ್ಠ ಆಮ್ಲಜನಕ ಸಾಮರ್ಥ್ಯದ ಶೇ. 35ರಷ್ಟನ್ನು ಮೀರಬಾರದು, ಅದು ನಿಮಿಷಕ್ಕೆ ಸುಮಾರು 18 ಕಿಲೋಜೂಲ್ ಶಕ್ತಿಗೂ ನಿಮಿಷಕ್ಕೆ 110ರ ಆಸುಪಾಸಿನ ನಾಡಿ ಬಡಿತಕ್ಕೂ ಸಮ. ಪಾಶ್ಚಾತ್ಯ ದೇಹಗಳಿಗೆ ಹೊಂದಿಸಿದ ಕೋಷ್ಟಕಗಳನ್ನೇ ಎರವಲು ತರುವುದನ್ನು ಪ್ರಶ್ನಿಸಿ, ಇಲ್ಲಿನ ಜನರ ಮೇಲೆಯೇ ಅಳೆದು ಹೇಳಿದ ಮಾತಾದ್ದರಿಂದ ಅದಕ್ಕೆ ವಿಶೇಷ ತೂಕವಿದೆ.

ಗಾಳಿಯಲ್ಲಿ ತೂಗುವ ಕೈ

ಸನ್ನೆಯಿಂದ ಕಂಪ್ಯೂಟರ್ ನಡೆಸುವ ಕನಸು ಹೊಸದಲ್ಲ. 1980ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಬೋಲ್ಟ್, ಗೋಡೆಯ ಮೇಲಿನ ಪರದೆಯತ್ತ ಬೆರಳು ತೋರಿಸಿ ಮಾತಿನಲ್ಲಿ ಆಜ್ಞೆ ಕೊಡುವ ವ್ಯವಸ್ಥೆಯನ್ನು ಮಾಡಿ ತೋರಿಸಿದ್ದರು. 2002ರ ‘ಮೈನಾರಿಟಿ ರಿಪೋರ್ಟ್’ ಚಿತ್ರ ಇದನ್ನು ಜನರ ಕಣ್ಣಿಗೆ ಕಟ್ಟಿಸಿತು. 2010ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್‌ನ ಕಿನೆಕ್ಟ್ ಮಾರುಕಟ್ಟೆಗೆ ಬಂದ ಮೇಲೆ ಮೈಯ ಕೀಲುಗಳ ಚಲನೆಯನ್ನು ದೂರದಿಂದಲೇ ಹಿಡಿಯುವ ಕ್ಯಾಮೆರಾ ಮನೆಮನೆಗೂ ತಲುಪುವಷ್ಟು ಅಗ್ಗವಾಯಿತು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕೈಗವಸು ಮಲಿನವಾಗದಂತೆ ಸ್ಕ್ಯಾನ್ ಚಿತ್ರಗಳನ್ನು ನೋಡುವುದು, ತರಬೇತಿ ಸಿಮ್ಯುಲೇಟರುಗಳು, ಆಟಗಳು ಎಂದು ಇದರ ಉಪಯೋಗಗಳು ಹರಡಿದವು.

ತೊಡಕು ಮೊದಲಿನಿಂದಲೂ ಇತ್ತು. ನೆಟ್ಟಗೆ ನಿಂತ ಸ್ಪರ್ಶ ಪರದೆಯನ್ನು ಬಳಸುತ್ತಿದ್ದವರ ತೋಳು ಕೆಲವೇ ನಿಮಿಷದಲ್ಲಿ ಭಾರವಾಗಿ ನೋಯುವುದನ್ನು ಎಂಜಿನಿಯರುಗಳು ‘ಗೊರಿಲ್ಲಾ ತೋಳು’ ಎಂದು ಕರೆಯತೊಡಗಿದ್ದರು. ಇಲ್ಲಿ ಎತ್ತುವ ಭಾರವೇನೂ ಇಲ್ಲ, ಕೈಯೇ ಭಾರ. ಅದರ ಲೆಕ್ಕವನ್ನು ಹತ್ತಿರದಿಂದ ನೋಡಬೇಕು.

60 ಕಿಲೋ ತೂಗುವ ಒಬ್ಬ ವ್ಯಕ್ತಿಯ ಒಂದು ಕೈಯ ತೂಕ ಮೈತೂಕದ ಸುಮಾರು ಶೇ. 5, ಅಂದರೆ 3 ಕಿಲೋ. ಕೈಯನ್ನು ಭುಜದ ಮಟ್ಟಕ್ಕೆ ನೇರ ಮುಂದೆ ಚಾಚಿದಾಗ ಅದರ ಗುರುತ್ವ ಕೇಂದ್ರ ಭುಜದ ಕೀಲಿನಿಂದ ಸುಮಾರು 30 ಸೆಂ.ಮೀ. ದೂರದಲ್ಲಿರುತ್ತದೆ. ಹಾಗಾಗಿ ಭುಜದ ಮೇಲೆ ಬೀಳುವ ತಿರುಚು ಬಲ 9 ನ್ಯೂಟನ್ ಮೀಟರಿಗೆ ತುಸು ಕಡಿಮೆ. ಅದೇ ವ್ಯಕ್ತಿ ರಟ್ಟೆಯನ್ನು ಮೈಗೆ ಒತ್ತಿ ಇಳಿಬಿಟ್ಟು, ಮೊಣಕೈಯನ್ನು ಮಾತ್ರ ಮಡಿಸಿ ಮುಂಗೈಯನ್ನು ಮುಂದೆ ಹಿಡಿದರೆ ಬಲ 2.2ಕ್ಕೆ ಇಳಿಯುತ್ತದೆ. ಭಂಗಿ ಬದಲಿಸಿದ ಮಾತ್ರಕ್ಕೆ ಹೊರೆ ಕಾಲುಭಾಗಕ್ಕೆ ಬಂತು.

ಈಗ ಇದನ್ನು ಹೊತ್ತಿಗೆ ಪರಿವರ್ತಿಸಬೇಕು. ಜರ್ಮನಿಯ ವಾಲ್ಟರ್ ರೋಮರ್ಟ್ 1960ರಲ್ಲಿ, ಸ್ನಾಯುವನ್ನು ಅದರ ಗರಿಷ್ಠ ಬಲದ ಎಷ್ಟು ಪಾಲಿನಲ್ಲಿ ಬಿಗಿಹಿಡಿದರೆ ಎಷ್ಟು ಹೊತ್ತು ತಾಳುತ್ತದೆ ಎಂಬ ವಕ್ರರೇಖೆಯನ್ನು ಕೊಟ್ಟರು. ಅದರ ಪ್ರಕಾರ ಶೇ. 15ಕ್ಕಿಂತ ಕೆಳಗೆ ಎಷ್ಟು ಹೊತ್ತಾದರೂ ಹಿಡಿಯಬಹುದು, ಮೇಲೆ ಹೋದಂತೆ ಹೊತ್ತು ಕಡಿದಾಗಿ ಇಳಿಯುತ್ತದೆ. ನಮ್ಮ ವ್ಯಕ್ತಿಯ ಭುಜದ ಗರಿಷ್ಠ ಬಲ 40 ನ್ಯೂಟನ್ ಮೀಟರ್ ಎಂದಿಟ್ಟುಕೊಂಡರೆ, ಚಾಚಿದ ಬರಿಗೈ ಅದರ ಶೇ. 22, ರೋಮರ್ಟ್ ವಕ್ರರೇಖೆಯಿಂದ ಬರುವ ಸಮೀಕರಣ ಸುಮಾರು 5 ನಿಮಿಷ ಕೊಡುತ್ತದೆ. ಅದೇ ಕೈಯಲ್ಲಿ 200 ಗ್ರಾಂ ತೂಕದ ಒಂದು ಫೋನು ಇದ್ದರೆ ಪಾಲು ಶೇ. 25ಕ್ಕೇರಿ ಹೊತ್ತು ಮೂರೂಮುಕ್ಕಾಲು ನಿಮಿಷಕ್ಕೆ ಇಳಿಯುತ್ತದೆ. ಮೊಣಕೈ ಮಡಿಸಿದ ಭಂಗಿಯಲ್ಲಿ ಪಾಲು ಶೇ. 6ನ್ನೂ ಮುಟ್ಟುವುದಿಲ್ಲ.

2014ರಲ್ಲಿ ಕೆನಡದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಹುವಾನ್ ಡೇವಿಡ್ ಹಿನ್‌ಕಾಪಿಯೆ-ರಾಮೋಸ್, ಪೌರಂಗ್ ಇರಾನಿ ಮತ್ತು ಸಂಗಡಿಗರು ಪ್ರಕಟಿಸಿದ ‘ಕನ್ಸ್ಯೂಮ್ಡ್ ಎಂಡ್ಯೂರನ್ಸ್’ ಎಂಬ ಮಾನದಂಡದ ಒಳಗಿರುವುದು ಬಹುಮಟ್ಟಿಗೆ ಇದೇ ಲೆಕ್ಕ. ಕಿನೆಕ್ಟ್ ಕ್ಯಾಮೆರಾ ಭುಜ, ಮೊಣಕೈ, ಮಣಿಕಟ್ಟುಗಳ ಜಾಗ ಗುರುತಿಸುತ್ತದೆ. ಅದರಿಂದ ಪ್ರತಿ ಗಳಿಗೆಯ ತಿರುಚು ಬಲ ಸಿಗುತ್ತದೆ, ಬಲದಿಂದ ತಾಳಿಕೆಯ ಹೊತ್ತು ಸಿಗುತ್ತದೆ. ಬಳಸಿದ ಹೊತ್ತನ್ನು ತಾಳಿಕೆಯ ಹೊತ್ತಿನಿಂದ ಭಾಗಿಸಿದರೆ ಆ ಕೈಯ ಶಕ್ತಿಯಲ್ಲಿ ಎಷ್ಟು ಪಾಲು ಖರ್ಚಾಯಿತೆಂದು ಶೇಕಡದಲ್ಲಿ ಬರುತ್ತದೆ. ಮೈಗೆ ಏನನ್ನೂ ಅಂಟಿಸಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಸೊಂಟ ಮತ್ತು ಭುಜದ ನಡುವಿನ ಎತ್ತರದಲ್ಲಿ, ಮೊಣಕೈ ಮಡಿಸಿ ಮಾಡುವ ಸನ್ನೆಯೇ ಕಡಿಮೆ ದಣಿಸುತ್ತದೆ ಎಂಬುದು ಅವರ ಪ್ರಯೋಗಗಳಲ್ಲಿ ತೋರಿತು. ಪರದೆಯ ಗುಂಡಿಗಳನ್ನು ಎಲ್ಲಿಡಬೇಕು, ಅಕ್ಷರಗಳ ಕೀಲಿಮಣೆಯನ್ನು ಹೇಗೆ ಹರಡಬೇಕು ಎಂಬ ವಿನ್ಯಾಸದ ಪ್ರಶ್ನೆಗಳಿಗೆ ಈ ಮಾನದಂಡ ನೇರ ಉತ್ತರ ಕೊಡುತ್ತದೆ. ಅಳತೆ ವಿನ್ಯಾಸವನ್ನು ತಿದ್ದಲು ಬಳಕೆಯಾದ ಒಳ್ಳೆಯ ನಿದರ್ಶನ ಇದು.

ಕೊರತೆಗಳೂ ಇವೆ. ಶೇ. 15ರ ಕೆಳಗೆ ದಣಿವೇ ಇಲ್ಲ ಎಂಬ ರೋಮರ್ಟ್ ನಂಬಿಕೆಯನ್ನು ನಂತರದ ಶರೀರಕ್ರಿಯಾ ಸಂಶೋಧನೆ ಒಪ್ಪಿಲ್ಲ. ಅತಿ ಕಡಿಮೆ ಬಲವೂ ಗಂಟೆಗಟ್ಟಲೆ ಎಡೆಬಿಡದೆ ಇದ್ದರೆ ಹೆಗಲು ನೋಯುತ್ತದೆ, ಟೈಪಿಂಗ್ ಮಾಡುವವರನ್ನು ಕೇಳಿದರೆ ಗೊತ್ತಾಗುತ್ತದೆ. ನಡುನಡುವೆ ಕೈ ಇಳಿಸಿದಾಗ ಮರಳುವ ಶಕ್ತಿಯೂ ಈ ಸೂತ್ರದಲ್ಲಿ ಸೇರಿರಲಿಲ್ಲ. 2017ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸುಜಿನ್ ಜಾಂಗ್, ಕಾರ್ತಿಕ್ ರಮಣಿ ಮುಂತಾದವರು ಸ್ನಾಯುವನ್ನು ಮೂರು ಪಾಲಾಗಿ ಕಲ್ಪಿಸುವ ಮಾದರಿಯನ್ನು ಸನ್ನೆಗೆ ಅಳವಡಿಸಿದರು: ಸುಮ್ಮನಿರುವ ಪಾಲು, ದುಡಿಯುತ್ತಿರುವ ಪಾಲು, ದಣಿದ ಪಾಲು. ದುಡಿಯುವುದು ದಣಿದದ್ದಾಗುತ್ತದೆ, ದಣಿದದ್ದು ನಿಧಾನವಾಗಿ ಸುಮ್ಮನಿರುವ ಪಾಲಿಗೆ ಮರಳುತ್ತದೆ. ವಿಶ್ರಾಂತಿಗೆ ಇಲ್ಲಿ ಲೆಕ್ಕ ಸಿಕ್ಕಿತು.

ಕೇಳಿ ತಿಳಿಯುವುದು, ಅಂಟಿಸಿ ಅಳೆಯುವುದು

ದಣಿದವರನ್ನೇ ಕೇಳುವುದು ಅಗ್ಗದ ದಾರಿ ಎನಿಸಬಹುದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅದಕ್ಕೆ ಶಿಸ್ತು ಕೊಟ್ಟರು. ಅವರ ಮೊದಲ ಮಾಪಕ 6ರಿಂದ 20ರವರೆಗೆ ಇತ್ತು. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕರ ನಾಡಿ ಬಡಿತಕ್ಕೆ ಸರಿಸುಮಾರು ಹೊಂದುವಂತೆ ಅದನ್ನು ರಚಿಸಿದ್ದರು. 1982ರಲ್ಲಿ ಬಂದ ಸೊನ್ನೆಯಿಂದ ಹತ್ತರ ಮಾಪಕ ಒಂದೊಂದು ಅಂಗದ ನೋವನ್ನು ಕೇಳಲು ಅನುಕೂಲ. ಸನ್ನೆ ಪ್ರಯೋಗಗಳಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. 1988ರಲ್ಲಿ ಸಾಂಡ್ರಾ ಹಾರ್ಟ್ ಮತ್ತು ಲೋವೆಲ್ ಸ್ಟೇವ್‌ಲ್ಯಾಂಡ್ ಪ್ರಕಟಿಸಿದ ನಾಸಾ ಕಾರ್ಯಹೊರೆ ಸೂಚ್ಯಂಕ ದೈಹಿಕ ಹೊರೆಯ ಜೊತೆಗೆ ಮಾನಸಿಕ ಹೊರೆ, ಸಮಯದ ಒತ್ತಡ, ಹತಾಶೆಗಳನ್ನೂ ಕೇಳುತ್ತದೆ. ಇಂಥ ಪ್ರಶ್ನಾವಳಿಯನ್ನು ಕನ್ನಡ, ತಮಿಳು ಅಥವಾ ತೆಲುಗಿನಲ್ಲಿ ಕೇಳುವಾಗ ಜನ ನಿತ್ಯ ಆಡುವ ಮಾತಿನಲ್ಲಿ ಕೇಳಬೇಕು. ಕೆ.ಜಿ.ಎಫ್.ನಂತೆ ಮೂರೂ ಭಾಷೆ ಬೆರೆತ ಊರಿನಲ್ಲಿ ಇದು ಇನ್ನೂ ಮುಖ್ಯ.

ಸ್ನಾಯುವಿನ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದ ಹಿಡಿಯುವ ಇ.ಎಂ.ಜಿ. ಹೆಚ್ಚು ನೇರ ಸಾಕ್ಷಿ. ಬಿಗಿಹಿಡಿದ ಸ್ನಾಯು ದಣಿಯುತ್ತ ಬಂದಂತೆ ಸಂಕೇತದ ಎತ್ತರ ಏರುತ್ತದೆ, ಆವರ್ತನ ಇಳಿಯುತ್ತದೆ. ಅದೇ ಬಲವನ್ನು ಉಳಿಸಿಕೊಳ್ಳಲು ದೇಹ ಹೊಸ ಸ್ನಾಯು ಘಟಕಗಳನ್ನು ಕೆಲಸಕ್ಕೆ ಕರೆಯುವುದು ಎತ್ತರ ಏರಲು ಮುಖ್ಯ ಕಾರಣ. ಆವರ್ತನ ಇಳಿಯುವುದು ಎಳೆಗಳಲ್ಲಿ ಸಂಕೇತ ಸಾಗುವ ವೇಗ ತಗ್ಗುವುದರಿಂದ. ಸನ್ನೆಗಾಗಿ ಸಾಮಾನ್ಯವಾಗಿ ಭುಜದ ಮುಂಭಾಗದ ಡೆಲ್ಟಾಯ್ಡ್ ಮತ್ತು ಹೆಗಲಿನ ಟ್ರಪೀಜಿಯಸ್ ಸ್ನಾಯುಗಳ ಮೇಲೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಬೆವರಿದರೆ ಅವು ಜಾರುತ್ತವೆ, ಸಂಕೇತ ಕೆಡುತ್ತದೆ. ಹವಾನಿಯಂತ್ರಿತ ಕೋಣೆಯ ಹೊರಗೆ ಇ.ಎಂ.ಜಿ. ಕಡಿಮೆ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಸೆಕೆಗೆ ಜಾಗವಿಲ್ಲದ ಸೂತ್ರ

ಮೇಲೆ ಹೇಳಿದ ಸನ್ನೆಯ ಮಾನದಂಡಗಳಲ್ಲಿ ಕೋಣೆಯ ಉಷ್ಣತೆಗೆ ಒಂದು ಅಕ್ಷರವೂ ಇಲ್ಲ. ಪ್ರಯೋಗಗಳು ತಂಪು ದೇಶಗಳ ತಂಪು ಕೋಣೆಗಳಲ್ಲಿ ನಡೆದಿರುವುದರಿಂದ ಅದು ಯಾರ ಗಮನಕ್ಕೂ ಬಂದಂತಿಲ್ಲ. ಆದರೆ ಶರೀರಕ್ರಿಯಾ ವಿಜ್ಞಾನಕ್ಕೆ ಈ ವಿಷಯ ಹಳೆಯದು. 1958ರಲ್ಲಿ ಕ್ಲಾರ್ಕ್, ಹೆಲ್ಲನ್ ಮತ್ತು ಲಿಂಡ್ ಎಂಬ ಬ್ರಿಟಿಷ್ ಸಂಶೋಧಕರು ಜನರ ಮುಂಗೈಯನ್ನು ಬೇರೆ ಬೇರೆ ಉಷ್ಣತೆಯ ನೀರಿನಲ್ಲಿ ಮುಳುಗಿಸಿಟ್ಟು, ನಿಗದಿತ ಹಿಡಿತವನ್ನು ಎಷ್ಟು ಹೊತ್ತು ಉಳಿಸಿಕೊಳ್ಳಬಲ್ಲರೆಂದು ನೋಡಿದರು. ನೀರು 18 ಡಿಗ್ರಿ ಇದ್ದಾಗ ತಾಳಿಕೆ ಎಲ್ಲಕ್ಕಿಂತ ಹೆಚ್ಚು. ಅದಕ್ಕಿಂತ ಬಿಸಿ ಏರಿದಂತೆ ಹೊತ್ತು ಕಡಿಮೆಯಾಗುತ್ತ ಹೋಯಿತು. ಬಿಸಿಯೇರಿದ ಸ್ನಾಯು ತನ್ನ ಇಂಧನವನ್ನು ಬೇಗ ಸುಡುತ್ತದೆ. ಕೈ ಎತ್ತಿ ಹಿಡಿಯುವುದೂ ಇಂಥದೇ ಅಲುಗದ ಬಿಗಿತ. ಆದ್ದರಿಂದ ಏಪ್ರಿಲ್ ತಿಂಗಳ ಮಧ್ಯಾಹ್ನ, ಫ್ಯಾನು ಮಾತ್ರ ಇರುವ ತರಗತಿಯಲ್ಲಿ ಸನ್ನೆಯ ಪಾಠೋಪಕರಣ ಬಳಸುವ ಕೋಲಾರದ ವಿದ್ಯಾರ್ಥಿಗೆ ಮ್ಯಾನಿಟೋಬಾದ ಪ್ರಯೋಗಾಲಯದ ತಾಳಿಕೆಯ ಹೊತ್ತನ್ನು ಹಾಗೇ ಅನ್ವಯಿಸಲು ಬರುವುದಿಲ್ಲ.

ಸೆಕೆಯನ್ನು ಒಂದೇ ಅಂಕಿಗೆ ತರುವ ಸಾಧನಗಳು ಕೈಗೆಟಕುವಂತಿವೆ. 1957ರಲ್ಲಿ ಯಾಗ್ಲೂ ಮತ್ತು ಮಿನಾರ್ಡ್ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಲ್ಲಿ ಸೆಕೆಯಿಂದಾಗುವ ಅನಾಹುತ ತಡೆಯಲು ರೂಪಿಸಿದ ಸೂಚ್ಯಂಕವನ್ನು ಜಗತ್ತಿನ ಕೈಗಾರಿಕೆಗಳು ಬಳಸುತ್ತಿವೆ. ನೆರಳಿನ ಜಾಗದಲ್ಲಿ ಅದರ ಸೂತ್ರ ಸರಳ: ಆರ್ದ್ರ ಬಲ್ಬ್ ಅಂಕಿಯ ಹತ್ತರಲ್ಲಿ ಏಳು ಪಾಲು, ಕಪ್ಪು ಗೋಳದೊಳಗಿನ ಥರ್ಮಾಮೀಟರಿನ ಅಂಕಿಯ ಹತ್ತರಲ್ಲಿ ಮೂರು ಪಾಲು. ಒದ್ದೆ ಬುಡಕ್ಕೆ ಇಲ್ಲಿಯೂ ದೊಡ್ಡ ಪಾಲು ಸಿಕ್ಕಿರುವುದು ಗಣಿಯವರ ಅನುಭವಕ್ಕೆ ಒಪ್ಪುವಂಥದ್ದು.

ಇಲ್ಲಿನ ದೇಹಗಳು, ಇಲ್ಲಿನ ಸಂಸ್ಥೆಗಳು

ಸೆಕೆಯಂತೆಯೇ ದೇಹದ ಅಳತೆಗಳೂ ಊರಿನಿಂದ ಊರಿಗೆ ಬೇರೆ. ತೋಳಿನ ಉದ್ದ, ತೂಕ, ಭುಜದ ಗರಿಷ್ಠ ಬಲ ಈ ಮೂರೂ ತಾಳಿಕೆಯ ಲೆಕ್ಕದೊಳಗೆ ನೇರ ಹೋಗುತ್ತವೆ. ದೇಬಕುಮಾರ್ ಚಕ್ರವರ್ತಿ ಅವರು ಭಾರತೀಯರ ದೇಹದ ಅಳತೆಗಳನ್ನು ಒಟ್ಟುಗೂಡಿಸಿ ರಚಿಸಿದ ಕೈಪಿಡಿಯನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಸನ್ನೆಯ ಲೆಕ್ಕಕ್ಕೆ ಹೊರಗಿನ ಸರಾಸರಿಯ ಬದಲು ಇಂಥ ಕೋಷ್ಟಕ ಬಳಸುವುದು ಸರಿಯಾದ ಮೊದಲ ಹೆಜ್ಜೆ. ಹೆಂಗಸರ ಭುಜದ ಬಲ ಸರಾಸರಿಯಲ್ಲಿ ಗಂಡಸರಿಗಿಂತ ಸಾಕಷ್ಟು ಕಡಿಮೆ ಇರುವುದರಿಂದ, ಗಂಡಸರ ಅಂಕಿಯ ಮೇಲೆ ವಿನ್ಯಾಸ ಮಾಡಿದ ಪರದೆ ಅವರನ್ನು ಬೇಗ ದಣಿಸುತ್ತದೆ.

ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ 1990ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆಯನ್ನು ಸ್ಥಾಪಿಸಿತು. ಮುಂದೆ ಅದರ ಕೇಂದ್ರ ನಾಗಪುರಕ್ಕೆ ಹೋಯಿತು. 2019ರಲ್ಲಿ ಅದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನಗೊಳಿಸುವ ನಿರ್ಧಾರಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅಹಮದಾಬಾದಿನ ಈ ಸಂಸ್ಥೆಗೆ ಬೆಂಗಳೂರಿನಲ್ಲಿ ದಕ್ಷಿಣದ ಪ್ರಾದೇಶಿಕ ಕೇಂದ್ರವಿದೆ. ಮನುಷ್ಯ ಮತ್ತು ಕಂಪ್ಯೂಟರಿನ ನಡುವಣ ಬಳಕೆಯ ಕಡೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯ ಕಣ್ಣಿನ ನೋಟ ಮತ್ತು ಕೈಚಲನೆಯಿಂದ ಯಂತ್ರ ನಡೆಸುವ ವಿಧಾನಗಳನ್ನೂ ವಿಮಾನ ಚಾಲಕರ ಮಾನಸಿಕ ಹೊರೆಯ ಮಾಪನವನ್ನೂ ಅಭ್ಯಾಸ ಮಾಡುತ್ತಿದೆ. ತೀವ್ರ ದೈಹಿಕ ಊನ ಇರುವವರಿಗೆ ಕೈ ಎತ್ತುವ ಸನ್ನೆ ಆಗದ ಮಾತು. ಅವರಿಗೆ ಕಣ್ಣಿನ ನೋಟವೇ ದಾರಿ. 2024ರಲ್ಲಿ ಮಾರಾಟಕ್ಕೆ ಬಂದ ಆಪಲ್ ಕಂಪನಿಯ ವಿಷನ್ ಪ್ರೊ ಕೂಡ ನೋಟದಿಂದ ಆರಿಸಿ, ತೊಡೆಯ ಮೇಲೆ ಇಟ್ಟ ಕೈಯ ಬೆರಳುಗಳನ್ನು ಚಿವುಟಿ ಆಜ್ಞೆ ಕೊಡುವ ಕ್ರಮಕ್ಕೆ ಬಂತು. ಭುಜದ ಹೊರೆ ಅಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಅದರ ಬದಲು ಕನ್ನಡಕದ ಭಾರವನ್ನು ಕುತ್ತಿಗೆ ಹೊರಬೇಕು.

ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಿಂದ ಸಾವಿರಾರು ಜನ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಬಂಗಾರಪೇಟೆಯಿಂದಲೇ ಸುಮಾರು 70 ಕಿ.ಮೀ. ದೂರ, ಬೋಗಿ ತುಂಬಿದ್ದರೆ ನಿಂತೇ ಪ್ರಯಾಣ, ಒಂದು ಕೈ ಮೇಲಿನ ಹಿಡಿಕೆಯಲ್ಲಿ. ಅವರಲ್ಲೊಬ್ಬರು ಬೆಳಗ್ಗೆ ಒಂಬತ್ತಕ್ಕೆ ಸನ್ನೆಯ ಪ್ರಯೋಗಕ್ಕೆ ಕೂತರೆ ಅವರ ಭುಜ ಆಗಲೇ ಒಂದಿಷ್ಟು ಖರ್ಚಾಗಿರುತ್ತದೆ, ಸೂತ್ರ ಮಾತ್ರ ಸೊನ್ನೆಯಿಂದ ಎಣಿಸಲು ಶುರುಮಾಡುತ್ತದೆ. ಮೂರು ಪಾಲಿನ ಮಾದರಿಯಲ್ಲಿ ಇದಕ್ಕೆ ಪರಿಹಾರವಿದೆ: ಪ್ರಯೋಗಕ್ಕೆ ಮೊದಲು ಬೋರ್ಗ್ ಮಾಪಕದಲ್ಲಿ ಭುಜದ ಸ್ಥಿತಿ ಕೇಳಿ, ಗರಿಷ್ಠ ಬಲವನ್ನು ಅದೇ ಬೆಳಗ್ಗೆ ಅಳೆದು, ದಣಿದ ಪಾಲಿಗೆ ಆರಂಭದ ಬೆಲೆಯೊಂದನ್ನು ಕೊಡಬಹುದು. ಅದರ ಪಕ್ಕದಲ್ಲೇ ಕೋಣೆಯ ಆರ್ದ್ರ ಬಲ್ಬ್ ಉಷ್ಣತೆಯನ್ನೂ ಗಾಳಿಯ ವೇಗವನ್ನೂ ಬರೆದಿಟ್ಟರೆ, ಬೇರೆ ಬೇರೆ ಊರುಗಳ, ಬೇರೆ ಬೇರೆ ತಿಂಗಳುಗಳ ಅಳತೆಗಳನ್ನು ಒಂದರೊಡನೆ ಒಂದು ಹೋಲಿಸಲು ಬರುತ್ತದೆ.